ಹಸಿವಿಗೆ ಗಾಂಜಾ ಬೇಕೆ?

‘ಎಚ್‌ಐವಿ ಇದ್ದವರಿಗೆ ಗಾಂಜಾ ಒಳ್ಳೆಯದಂತೆ, ಹಸಿವಾಗುತ್ತದಂತೆ.’ ಕಳಸ, ಮೂಡಿಗೆರೆಯ ಹುಡುಗರು ಓದಲೆಂದು ಪೇಟೆಯ ಹಾಸ್ಟೆಲ್ ಸೇರಿದಾಗ ಇಂಥ ಮಾತು ಕಿವಿಗೆ ಬಿದ್ದೀತು.

ಪೂರಾ ಸುಳ್ಳೇನಲ್ಲ. ಏಡ್ಸ್ ರೋಗಿಗಳು ಕಣ್ಣೆದುರೇ ಸೊರಗಿಹೋಗುತ್ತಿದ್ದ ಕಾಲದಲ್ಲಿ, 1992ರಲ್ಲಿ, ಅಮೆರಿಕ ಅವರ ಹಸಿವಿಗೆಂದು ಡ್ರೊನಾಬಿನಾಲ್ ಗುಳಿಗೆಯನ್ನು ಒಪ್ಪಿತು. ಗಾಂಜಾದ ಅಮಲಿನ ಅಂಶವನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ, ಅಳೆದು ತುಂಬಿದ ಗುಳಿಗೆ ಅದು, ಸೇದುವ ಹೊಗೆಯಲ್ಲ. ಅದರಿಂದ ವೈರಸ್ಸಿಗೇನೂ ಆಗುತ್ತಿರಲಿಲ್ಲ.

ಈಗ ಕಥೆಯೇ ಬೇರೆ. ಸರ್ಕಾರ 2004ರಿಂದ ಎ.ಆರ್.ಟಿ. ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿದರೆ ವೈರಸ್ಸು ಅಡಗುತ್ತದೆ, ಹಸಿವೂ ತೂಕವೂ ಬಹುಮಟ್ಟಿಗೆ ಮರಳುತ್ತವೆ. ಅಮಲಿನಲ್ಲಿ ಮಾತ್ರೆ ಮರೆತರೆ? ಪದೇ ಪದೇ ಮರೆತರೆ ವೈರಸ್ಸು ಔಷಧಕ್ಕೆ ಬಗ್ಗದಂತಾಗಬಹುದು.

ಇನ್ನು ಹೊಗೆ. ಎಚ್‌ಐವಿ ಇದ್ದವರನ್ನು ನಮ್ಮಲ್ಲಿ ಹೆಚ್ಚು ಕಾಡುವುದು ಕ್ಷಯ. ಅದಕ್ಕೂ ಶ್ವಾಸಕೋಶವೇ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿಟ್ಟ ಸೊಪ್ಪಿಗೆ ಬೂಷ್ಟು ಹಿಡಿಯುತ್ತದೆಂದು ಕಾಫಿ ಒಣಗಿಸುವವರಿಗೆ ಹೇಳಬೇಕಿಲ್ಲ. ಆ ಬೂಷ್ಟು ನಿತ್ರಾಣಗೊಂಡ ದೇಹದ ಎದೆಗಿಳಿದರೆ ಜೀವಕ್ಕೇ ಕುತ್ತು. ತೋಟದ ಮರೆಯಲ್ಲಿ ಗಿಡ ಬೆಳೆಸಿದರೆ 1985ರ ಕಾಯ್ದೆಯಡಿ 10 ವರ್ಷದವರೆಗೆ ಜೈಲು, ಅದು ಬೇರೆ.

ತಂದೆತಾಯಿಗಳೇ, ಮಾತ್ರೆ ನುಂಗುವ ಮಗ ಸೇದುತ್ತಿದ್ದಾನೆಂದು ತಿಳಿದರೆ ಎ.ಆರ್.ಟಿ. ಕೇಂದ್ರದ ವೈದ್ಯರಿಂದ ಮುಚ್ಚಿಡಬೇಡಿ. ಊಟ ಸೇರದಿರುವುದು ಬಾಯಿಹುಣ್ಣಿನಿಂದಲೋ, ಕ್ಷಯದಿಂದಲೋ, ಬರೀ ಮನಸ್ಸಿನ ಬೇಗುದಿಯಿಂದಲೋ ಎಂದು ನೋಡಬೇಕಾದವರು ಅವರೇ.