ಜೋಳದ ಮೇಲೊಂದು ಮೊಕದ್ದಮೆ

ತಾಂಡೂರಿನಿಂದ ಸೇಡಂ ಕಡೆ ಹೊರಟರೆ ಬಶೀರಾಬಾದ್. ತೆಲಂಗಾಣದ ಮಂಡಲವಾದರೂ ತೆಲುಗಿನ ಜೊತೆ ಕನ್ನಡವೂ ನಡೆಯುವ ಸೀಮೆ. ಹೊಲದಲ್ಲೀಗ ತೊಗರಿಯದೇ ದರಬಾರು. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಎಲ್ಲರೂ ಹಿಗ್ಗಿದರು. ಒಂದು ಕಾಲಕ್ಕೆ ಇದೇ ಎರೆನೆಲ ಆಳಿದ ಹಿಂಗಾರಿ ಜೋಳ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪಾಪ, ಅದಕ್ಕೊಂದು ಹಳೇ ಕಳಂಕವೂ ಇದೆ. ಬಡವರ ಬುದ್ಧಿ ಕೆಡಿಸುವ ರೋಗಕ್ಕೆ ಜೋಳವೇ ಕಾರಣವೆಂದು ಹೈದರಾಬಾದಿನ ಪ್ರಯೋಗಾಲಯವೊಂದು ಅದರ ಮೇಲೆ ಮೊಕದ್ದಮೆ ಹೂಡಿತ್ತು.

ಕರುಳಿನ ಬ್ಯಾಕ್ಟೀರಿಯಾಕ್ಕೂ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೂ ನಂಟು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಮೊಕದ್ದಮೆ ನೆನಪಾಗುತ್ತದೆ. ಅಲ್ಲಿಯೂ ಇಲ್ಲಿಯೂ ಮುಖ್ಯ ಸಾಕ್ಷಿ ಒಂದೇ: ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ.

ಆ ರೋಗದ ಹೆಸರು ಪೆಲಗ್ರ. ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದಗಳ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ನಿದ್ದೆ ಹೋಗಿ ದಿಗಿಲು, ಮಂಕು, ಭ್ರಮೆ ಅಡರುತ್ತವೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ್ದ ಬಡವರಿಗೆ ಇದು ಬಡಿದಾಗ ಅನೇಕ ವೈದ್ಯರು ಯಾವುದೋ ಕ್ರಿಮಿಯ ಕೆಲಸವೆಂದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಒಪ್ಪಲಿಲ್ಲ. 1916ರಲ್ಲಿ ಆತ ರೋಗಿಗಳ ಮಲಮೂತ್ರ, ಚರ್ಮದ ಹೊಟ್ಟುಗಳನ್ನು ಹಿಟ್ಟಿನಲ್ಲಿ ಕಲೆಸಿ ಗುಳಿಗೆ ಕಟ್ಟಿ ನುಂಗಿದ. ರೋಗಿಯ ರಕ್ತ ಚುಚ್ಚಿಸಿಕೊಂಡ, ಹೆಂಡತಿ ಮೇರಿಯೂ ಚುಚ್ಚಿಸಿಕೊಂಡಳು. ಯಾರಿಗೂ ಪೆಲಗ್ರ ಬರಲಿಲ್ಲ. ಕ್ರಿಮಿ ಬಿಡುಗಡೆಯಾಯಿತು, ಬಡವರ ಊಟ ಕಟಕಟೆ ಹತ್ತಿತು. ಕೊರತೆ ಬಿದ್ದದ್ದು ನಿಯಾಸಿನ್ ಎಂಬ ವಿಟಮಿನ್ ಎಂದು 1937ರಲ್ಲಿ ತಿಳಿಯುವ ಹೊತ್ತಿಗೆ ಗೋಲ್ಡ್‌ಬರ್ಗರ್ ತೀರಿಹೋಗಿ ಎಂಟು ವರ್ಷ. ಟ್ರಿಪ್ಟೊಫಾನ್‌ನಿಂದ ದೇಹ ತಾನೇ ಸ್ವಲ್ಪ ನಿಯಾಸಿನ್ ಮಾಡಿಕೊಳ್ಳುತ್ತದೆ ಎಂಬುದು ಇನ್ನೂ ತಡವಾಗಿ ಗೊತ್ತಾಯಿತು.

ಈ ಲೆಕ್ಕ ದಖ್ಖನ್ನಿಗೆ ಬಂದು ತಪ್ಪಿತು. ಜೋಳದಲ್ಲಿ ನಿಯಾಸಿನ್ನಿಗೂ ಟ್ರಿಪ್ಟೊಫಾನ್‌ಗೂ ಅಂಥ ಬರವೇನಿಲ್ಲ. ಆದರೂ ಅನ್ನ ತಿನ್ನುವ ಬಡವರಿಗಿಲ್ಲದ ಪೆಲಗ್ರ ರೊಟ್ಟಿ ತಿನ್ನುವ ಕೂಲಿಕಾರರಿಗೆ ಬರುತ್ತಿತ್ತು. ಕೂನೂರಿನಿಂದ ಹೈದರಾಬಾದಿಗೆ ಬಂದು ನೆಲೆಸಿದ್ದ ಪ್ರಯೋಗಾಲಯ, ಇಂದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ, ಈ ಒಗಟನ್ನು ಕೈಗೆತ್ತಿಕೊಂಡಿತು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆರೋಪಪಟ್ಟಿ ಸಲ್ಲಿಸಿದರು: ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ, ದೇಹದೊಳಗೆ ಟ್ರಿಪ್ಟೊಫಾನ್ ಮತ್ತು ನಿಯಾಸಿನ್‌ಗಳ ದಾರಿ ಕೆಡಿಸುತ್ತದೆ. ಅದೇ ಪ್ರಯೋಗಾಲಯದ ಭವಾನಿ ಬೆಳವಾಡಿಯವರ ಪ್ರಯೋಗ ಮಂಗಗಳವರೆಗೂ ಹೋಯಿತು. ಆದರೆ ಪೋಷಣೆ ವಿಜ್ಞಾನಿ ಕೆನೆತ್ ಕಾರ್ಪೆಂಟರ್ ಕಡೆಯವರು 1978ರಲ್ಲಿ ಮರಿಕೋಳಿ, ಇಲಿ, ನಾಯಿಗಳಿಗೆ ಲ್ಯೂಸಿನ್ ತಿನ್ನಿಸಿ ನೋಡಿ, ನಮಗೇನೂ ಕಾಣಲಿಲ್ಲ ಎಂದುಬಿಟ್ಟರು.

ಜಗಳ ಪೂರ್ತಿ ಬಗೆಹರಿಯಲೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ರೊಟ್ಟಿಗಿಂತ ದೊಡ್ಡ ಅಪರಾಧಿ ಬೇಳೆ, ಹಾಲು ಕಾಣದ ತಾಟು. ಅಷ್ಟರಲ್ಲಿ 1983ಕ್ಕೆ ಆಗಿನ ಆಂಧ್ರಪ್ರದೇಶದ ಎನ್.ಟಿ. ರಾಮರಾವ್ ಸರ್ಕಾರದ ಕಿಲೋಗೆ ಎರಡು ರೂಪಾಯಿ ಅಕ್ಕಿ ಬಂತು. ಜೋಳವೂ ಹಿಂದೆ ಸರಿಯಿತು, ಪೆಲಗ್ರವೂ ಸರಿಯಿತು. ಆರೋಪಿಯೇ ಊರು ಬಿಟ್ಟ ಮೇಲೆ ಮೊಕದ್ದಮೆ ನಡೆಸುವವರು ಯಾರು? ಈಗ ಅದೇ ಜೋಳ ಸಕ್ಕರೆ ಕಾಯಿಲೆಯವರ ಪಥ್ಯವೆಂದು ಪೇಟೆಯ ಅಂಗಡಿಯಲ್ಲಿ ಚೆಂದದ ಪೊಟ್ಟಣದಲ್ಲಿ ಕೂತಿದೆ. ನೋಡಿದರೆ ಸಿಟ್ಟು ಬರುತ್ತದೆ.

ಸಾಕ್ಷಿಗೆ ಮಾತ್ರ ಮತ್ತೆ ಕರೆ ಬಂತು. ಟ್ರಿಪ್ಟೊಫಾನ್‌ನ ಬಹುಪಾಲು ಕೈನುರೆನಿನ್ ಎಂಬ ಹಾದಿ ಹಿಡಿಯುತ್ತದೆ. ಆ ಹಾದಿಯಲ್ಲಿ ಹುಟ್ಟುವ ಕೈನುರೆನಿಕ್ ಆಮ್ಲ ಸ್ಕಿಜೋಫ್ರೇನಿಯಾ ಇರುವವರ ಮಿದುಳು ದ್ರವದಲ್ಲಿ ಹೆಚ್ಚಿದೆಯೆಂದು 2001ರಲ್ಲಿ ಸ್ವೀಡನ್ನಿನವರು ವರದಿ ಮಾಡಿದರು. ಕರುಳಿನ ಬ್ಯಾಕ್ಟೀರಿಯಾವೂ ಇದೇ ಟ್ರಿಪ್ಟೊಫಾನ್‌ಗೆ ಕೈಹಾಕುತ್ತದೆ. 2019ರಲ್ಲಿ ಚೀನಾದ ಶಿಆನ್ ನಗರದ ತಂಡವೊಂದು, ಔಷಧ ತೆಗೆದುಕೊಳ್ಳದ ರೋಗಿಗಳ ಮಲದ ಸೂಕ್ಷ್ಮಜೀವಿಗಳನ್ನು ಇಲಿಗಳ ಹೊಟ್ಟೆಗೆ ಸೇರಿಸಿತು. ಇಲಿಗಳು ಅತಿಯಾಗಿ ಓಡಾಡಿದವು, ಕಲಿತದ್ದು ನೆನಪಿನಲ್ಲಿ ಉಳಿಯಲಿಲ್ಲ, ಕೈನುರೆನಿನ್ ಹಾದಿಯೂ ಏರುಪೇರಾಯಿತು. ಗೋಲ್ಡ್‌ಬರ್ಗರ್ ಮಲ ನುಂಗಿ ಬಿಡಿಸಿದ್ದ ಕ್ರಿಮಿಯ ಬಳಗ ನೂರು ವರ್ಷದ ಮೇಲೆ ಮಲದ ದಾರಿಯಲ್ಲೇ ಕಟಕಟೆಗೆ ವಾಪಸು!

ಇಷ್ಟಕ್ಕೇ ಮೊಸರು, ಅಂಬಲಿ ಹಿಡಿದು ಮನೋರೋಗ ವಾಸಿ ಮಾಡುತ್ತೇವೆನ್ನುವವರು ಹುಟ್ಟಿಕೊಂಡಿದ್ದಾರೆ. ಅವರ ಮಾತು ಕೇಳಿ ಗುಳಿಗೆ ಬಿಟ್ಟವನ ಮನೆಯ ಪಾಡು ಕೇಳಬೇಡಿ. ಇಲಿ ಮನುಷ್ಯನಲ್ಲ. ಕರುಳು ಕೆಟ್ಟು ಮನಸ್ಸು ಕೆಟ್ಟಿತೋ, ರೋಗಿಯ ಊಟ, ಬೀಡಿ, ಔಷಧಗಳಿಂದ ಕರುಳು ಬದಲಾಯಿತೋ ಇನ್ನೂ ಇತ್ಯರ್ಥವಾಗಿಲ್ಲ. ಮನೋರೋಗದ ಹಲವು ಔಷಧಗಳು ತಾವೇ ಕರುಳಿನ ಬ್ಯಾಕ್ಟೀರಿಯಾವನ್ನು ತಡೆಯುತ್ತವೆಂದು 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ರಯೋಗಾಲಯ ತೋರಿಸಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 65 ರೋಗಿಗಳ ಮೇಲೆ 14 ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎಂದಿನ ಔಷಧದ ಜೊತೆಗೇ ಅರ್ಧ ಜನಕ್ಕೆ ಒಳ್ಳೆಯ ಬ್ಯಾಕ್ಟೀರಿಯಾದ ಗುಳಿಗೆ, ಉಳಿದವರಿಗೆ ಬರೀ ಸಪ್ಪೆ ಗುಳಿಗೆ ಕೊಟ್ಟಿದ್ದರು. ಭ್ರಮೆ, ಮಂಕುಗಳಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ಬ್ಯಾಕ್ಟೀರಿಯಾ ನುಂಗಿದವರಿಗೆ ಮಲಬದ್ಧತೆಯ ಕಾಟ ಕಡಿಮೆಯಾಗಿತ್ತು.