ಇಡೀ ಗುಡಿ ಮೊದಲೋ, ಕೆತ್ತನಿ ಮೊದಲೋ?

ಹರ್ತಿ ಊರಿನ ಪಾರ್ವತಿ-ಪರಮೇಶ್ವರ ಗುಡಿ ಮುಂದ ನಿಂತು ನೋಡ್ರಿ. ಮೊದಲು ಕಣ್ಣಿಗೆ ಬೀಳೋದು ಇಡೀ ಗುಡಿ. ಚಾಲುಕ್ಯರ ಕಾಲದ ಕೆತ್ತನಿ ಕಾಣೋದು ಆಮ್ಯಾಲೆ. ನಮ್ಮ ಮಿದುಳಿನ ರೀತಿನ ಹಂಗ.

ಕೃತಕ ಬುದ್ಧಿಮತ್ತೆ ಹೆಂಗ ನೋಡತೈತಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗ ಎಸ್.ಪಿ. ಅರುಣ್ ಅವರ ತಂಡ ಇದನ್ನ ಪರೀಕ್ಷೆ ಮಾಡಿ, 2021ರಾಗ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಾಗ ಪ್ರಕಟಿಸ್ತು. ಚಿತ್ರ ಗುರುತಿಸಾಕ ಕಲಿತ ಕಂಪ್ಯೂಟರ್ ಜಾಲಗಳದ್ದು ಉಲ್ಟಾ: ಮೊದಲು ಸಣ್ಣ ವಿವರ. ಒಂದು ವಸ್ತು ಇನ್ನೊಂದರ ಹಿಂದ ಅರ್ಧ ಮರಿಯಾಗಿದ್ರೂ ನಮಗ ಅದು ಪೂರ್ತಿ ವಸ್ತುನ. ಜಾಲಕ್ಕ ಹಂಗ ತಿಳಿಯಂಗಿಲ್ಲ. ಆದ್ರ ಒಂದು ಹೋಲಿಕೆ ನನಗ ಭಾಳ ಅಚ್ಚರಿ ತಂತು. ತಲಿಕೆಳಗಾದ ಮುಖದ ಫೋಟೋದಾಗ ಕಣ್ಣು-ಬಾಯಿ ಮಾತ್ರ ತಿರುಗಿಸಿಟ್ರ ನಮಗ ಥಟ್ಟನೆ ಗೊತ್ತಾಗಂಗಿಲ್ಲ. ಮುಖ ಗುರುತಿಸಾಕ ಕಲಿತ ಜಾಲಕ್ಕೂ ಅದ ತೊಡಕು!

ಮತ್ತ ಮಾತು ಕಲಿಯೋದು? 2024ರಾಗ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಒಂದೇ ಒಂದು ಕೂಸಿನ ತಲಿಗೆ ಕಟ್ಟಿದ್ದ ಕ್ಯಾಮೆರಾದ 61 ತಾಸಿನ ದೃಶ್ಯ, ಮಾತು ಅಷ್ಟನ್ನ ಇಂಥದೊಂದು ಜಾಲಕ್ಕ ಕೊಟ್ರು. ಚೆಂಡು, ಕಾರು ಅನ್ನೋ ಶಬ್ದಗಳನ್ನ ವಸ್ತುವಿಗೆ ಹೊಂದಿಸಾಕ ಅದು ಕಲೀತು.

ಆ ಕೂಸು ಕೇಳಿದ್ದು ಇಂಗ್ಲಿಷ್. ಓಣಿ ಮಂದಿಯ ಮಡಿಲಾಗ ಬೆಳೆಯೋ, ಕನ್ನಡ ಕೇಳೋ ನಮ್ಮ ಕೂಸುಗಳ ಕಲಿಕಿ ಮ್ಯಾಲೂ ಇಂಥ ಸಂಶೋಧನೆ ಆಗಬೇಕ್ರಿ.