ಟ್ರೇಲರಿಗೆ ಬೀಗವೂ ಬೇಕು, ವಿಮೆಯೂ ಬೇಕು



ಟ್ರೇಲರಿಗೆ ಇಂಜಿನೂ ಇಲ್ಲ, ಕೀಲಿಕೈಯೂ ಇಲ್ಲ. ಯಾರದೋ ಟ್ರ್ಯಾಕ್ಟರ್ ಬಂದು ಕೊಂಡಿ ಸಿಕ್ಕಿಸಿದರೆ ಹಿಂದೆಯೇ ಹೊರಟುಬಿಡುತ್ತದೆ. ಬನಶಂಕರಿಯಿಂದ ಕನಕಪುರದ ರಸ್ತೆ ಹಿಡಿದರೆ ಬೆಳಗಾಗುವುದರೊಳಗೆ ಬಹುದೂರ.

ಆದುದರಿಂದ ರಾತ್ರಿ ಅದನ್ನು ರಸ್ತೆಬದಿಯಲ್ಲಿ ಬಿಡಬೇಡಿ. ಮೂಕಿಯ ಕೊಂಡಿಗೆ ಬೀಗ ಹಾಕಿ, ಗಾಲಿಗೂ ಮರಕ್ಕೂ ಸರಪಣಿ ಬಿಗಿಯಿರಿ. ಚಾಸಿ ನಂಬರನ್ನು ಬರೆದಿಡಿ.

ವಿಮೆಯಲ್ಲಿ ಎರಡು ಬಗೆ. ಕಾನೂನು ಕಡ್ಡಾಯ ಮಾಡಿರುವ ವಿಮೆಯು ಅಪಘಾತದಲ್ಲಿ ಇತರರಿಗಾದ ನಷ್ಟಕ್ಕೆ ಮಾತ್ರ. ಕಳವಿಗೆ ಪರಿಹಾರ ಬೇಕಾದರೆ ಸಮಗ್ರ ವಿಮೆ ಮಾಡಿಸಬೇಕು. ಪಾಲಿಸಿಯಲ್ಲಿ ಟ್ರ್ಯಾಕ್ಟರಿನದಲ್ಲದೆ ಟ್ರೇಲರಿನ ನಂಬರೂ ಬೆಲೆಯೂ ನಮೂದಾಗಿವೆಯೇ ಎಂದು ಓದಿಸಿ ನೋಡಿ.

ಕಳುವಾದರೆ ಅಂದೇ ಪೊಲೀಸರಿಗೆ ದೂರಿತ್ತು ಎಫ್‌.ಐ.ಆರ್. ಪ್ರತಿ ಪಡೆಯಿರಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಒಂದು ಟ್ರ್ಯಾಕ್ಟರ್ ಕಳವಿನಲ್ಲಿ ಮಾಲೀಕರು ಪೊಲೀಸರಿಗೆ ಅಂದೇ ತಿಳಿಸಿ, ಕಂಪನಿಗೆ 52 ದಿನ ತಡವಾಗಿ ತಿಳಿಸಿದ್ದರು. ಆ ತಡವೊಂದರಿಂದಲೇ ಪರಿಹಾರ ನಿರಾಕರಿಸುವಂತಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ಕಳವಾದದ್ದು 2010ರಲ್ಲಿ! ಹತ್ತು ವರ್ಷ ಕೋರ್ಟು ಅಲೆಯುವುದಕ್ಕಿಂತ ಅಂದೇ ಒಂದು ಕಾಗದ ಬರೆಯುವುದು ಲೇಸಲ್ಲವೇ?

ಕಂಪನಿಗೆ ದೂರಿತ್ತು ತಿಂಗಳಾದರೂ ಉತ್ತರ ಬಾರದಿದ್ದರೆ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಕೊಡಿ. ಶುಲ್ಕವಿಲ್ಲ.